ಕ್ಷಮಿಸಿ ಅನ್ನಬಾರದು

ಟಿ.ವಿ.ಯವರು ಸಂಜೆ ಮನೆಗೆ ಬರುತ್ತೇವೆಂದು ಫೋನ್ ಮಾಡಿದಾಗ ನಮ್ಮಲ್ಲಿ ಆದ ಮೊದಲ ತೀರ್ಮಾನವೆಂದರೆ ನಾನು ಬಾಯಿ ತೆರೆಯಬಾರದು ಎಂಬುದು. ತೀರ್ಮಾನ ಕೊಟ್ಟವರು ನಮ್ಮ ಯಜಮಾನರು. ಅವರು ಕೋರ್ಟಿನಲ್ಲಿ ಟೈಪಿಸ್ಟ್. ವಕೀಲರ ಮಾತುಗಳನ್ನು ಟೈಪ್ ಮಾಡಿ ಮಾಡಿ ಅರ್ಧ ವಕೀಲರೇ ಆಗಿಬಿಟ್ಟಿದ್ದಾರೆ. ಆ ಅರ್ಧ ಯಾವುದು ಎಂಬುದು ಮಾತ್ರ ಅವರಿಗೂ ಗೊತ್ತಿಲ್ಲ.

"ನೀನು ಮಾತಾಡಿದ್ರೆ ಅವರು ಪೀ ಪೀ ಅಂತ ಸದ್ದು ಹಾಕಬೇಕಾಗುತ್ತೆ ಕಣೇ. ನಿನ್ನ ಮಾತಿಗಿಂತ ಪೀಪಿನೇ ಜಾಸ್ತಿ ಆಗುತ್ತೆ," ಎಂದರು.

ಅದೇನೂ ಸುಳ್ಳಲ್ಲ. ಮಾರುಕಟ್ಟೆಯಲ್ಲಿ ಹಣ್ಣು ಮಾರುವವಳು ನಾನು. ಹಣ್ಣನ್ನು ಹಿಸುಕಿ ಹಿಸುಕಿ ಇಟ್ಟು ಹೋಗುವ ಗಿರಾಕಿಗಳು ನನ್ನ ಬಾಯಿಗೆ ಹೆದರಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಆದರೆ ಆ ದಿನದ ನನ್ನ ಸಿಟ್ಟು ಹಣ್ಣಿನ ಜಗಳದ್ದಲ್ಲ. ನನ್ನ ತಮ್ಮನ ಹೆಸರು ಬೀದಿಯಲ್ಲಿ ಬಿದ್ದಿತ್ತು.

ತಮ್ಮ ಕ್ರೇನ್ ಓಡಿಸುವವನು. ಒಂದು ಕಟ್ಟಡದ ಕೆಲಸದಲ್ಲಿ ಕಬ್ಬಿಣದ ಸರಳುಗಳ ಕಂತೆಯನ್ನು ಗೋಡೆಯ ಆಚೆಗೆ ಇಳಿಸುವಾಗ ಅದು ಸಾರವೆಗೆ ಬಡಿಯಿತು. ಸಾರವೆಯ ಮೇಲಿದ್ದ ಗಾರೆ ಕೆಲಸದವನು ಕೆಳಗೆ ಬಿದ್ದ. ಆಸ್ಪತ್ರೆಯಲ್ಲಿ ಅವನ ಒಂದು ಕಾಲನ್ನು ತೆಗೆದರು. ಕ್ರೇನ್ ವಾಲಿದ ರಭಸಕ್ಕೆ ತಮ್ಮನ ಮುಖ ಮುಂದಿನ ಲಿವರಿಗೆ ಬಡಿದು ದವಡೆ ಮುರಿಯಿತು. ಡಾಕ್ಟರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದು ಮನೆಗೆ ಕಳಿಸಿದ್ದರು. ಗಂಜಿಯ ತಿಳಿ ಕುಡಿಯುವುದು, ಹಲ್ಲಿನ ಸಂದಿಯಿಂದ ಒಂದೊಂದು ಮಾತು ಹಿಂಡಿ ತೆಗೆಯುವುದು, ಇಷ್ಟೇ ಅವನಿಂದ ಆಗುತ್ತಿದ್ದುದು. ನೋಡಿಕೊಳ್ಳಲು ಅನುಕೂಲವೆಂದು ಅವನನ್ನೂ ಅವನ ಹೆಂಡತಿಯನ್ನೂ ನಮ್ಮ ಮನೆಗೇ ಕರೆತಂದಿದ್ದೆ.

ಕ್ರೇನಿನಲ್ಲಿ ಕೂತವನಿಗೆ ಗೋಡೆಯ ಆಚೆ ಏನೂ ಕಾಣುವುದಿಲ್ಲ. ನೆಲದ ಮೇಲೆ ಸಿಗ್ನಲ್ ಕೊಡುವವನೊಬ್ಬ ನಿಂತು ಕೈಸನ್ನೆಯಲ್ಲೇ ಏರಿಸು, ಇಳಿಸು, ನಿಲ್ಲಿಸು ಎಂದು ಹೇಳಬೇಕು. 'ಅವನು ನನ್ನ ಕಣ್ಣು' ಎನ್ನುತ್ತಿದ್ದ ತಮ್ಮ. ಆ ದಿನ ಸೈಟಿನ ಮ್ಯಾನೇಜರ್ ಆ ಕಣ್ಣನ್ನು ಗೇಟಿನ ಬಳಿ ಸಿಮೆಂಟ್ ಇಳಿಸಲು ಅಟ್ಟಿದ. 'ನಾನೇ ಆಚೆ ನಿಂತು ಫೋನಲ್ಲಿ ಹೇಳ್ತೀನಿ, ನೀನು ಇಳಿಸು' ಎಂದ. ಇಳಿಸು ಇಳಿಸು ಎನ್ನುತ್ತಲೇ ಇನ್ನಾರಿಗೋ ಬೈಯಲು ಬೆನ್ನು ತಿರುಗಿಸಿದ್ದ. ಆಗಬಾರದ್ದು ಆಗಿಹೋಯಿತು.

ಮಾರನೆಯ ದಿನ ಕಂಪನಿಯ ಪರವಾಗಿ ಅದೇ ಮ್ಯಾನೇಜರ್ ಪತ್ರಿಕೆಗೆ ಹೇಳಿದ್ದೇನು? ಡ್ರೈವರ್ ಕ್ರೇನ್ ಓಡಿಸುತ್ತಾ ಫೋನಿನಲ್ಲಿ ಹೆಂಡತಿಯ ಜೊತೆ ಜಗಳವಾಡುತ್ತಿದ್ದನಂತೆ! ತಮ್ಮನ ಫೋನು ಕ್ರೇನಿನ ಅಡಿ ಸಿಕ್ಕಿ ಪುಡಿಯಾಗಿತ್ತು. ಯಾರು ಯಾರಿಗೆ ಮಾತಾಡಿದರೆಂಬ ದಾಖಲೆ ತರಿಸುತ್ತೇವೆ ಎಂದ ಪೊಲೀಸರು ತರಿಸುತ್ತಲೇ ಇದ್ದರು. ಸಿಗ್ನಲ್ ಕೊಡುವವನ ಮನೆಗೆ ಬೀಗ ಬಿದ್ದಿತ್ತು. ಊರೆಲ್ಲ ನನ್ನ ತಮ್ಮನಿಗೆ 'ಫೋನ್ ಡ್ರೈವರ್' ಎಂದು ಹೆಸರಿಟ್ಟಿತ್ತು. ದವಡೆ ವಾಸಿಯಾದ ಮೇಲೆ ಕೆಲಸ ಕೊಡುತ್ತೇನೆ ಎಂದಿದ್ದ ಇನ್ನೊಬ್ಬ ಕ್ರೇನ್ ಮಾಲೀಕ, ಈಗ ಬರಬೇಡ ಎಂದು ಹೇಳಿ ಕಳಿಸಿದ್ದ. ಈ ಹೆಸರು ಅಂಟಿಕೊಂಡರೆ ಇನ್ನು ಅವನನ್ನು ಕ್ರೇನಿಗೆ ಹತ್ತಿಸುವವರು ಯಾರೂ ಇಲ್ಲ. ಅವನಿಗೆ ಬೇರೆ ಕೆಲಸ ಬರುವುದಿಲ್ಲ.

ಹಾಗಾಗಿ ಟಿ.ವಿ.ಯ ಮುಂದೆ ಕೂರಬೇಕಾದವಳು ಅವನ ಹೆಂಡತಿ. ಕಂಪನಿ ತನ್ನ ಸುಳ್ಳಿಗೆ ಎಳೆದದ್ದು ಅವಳನ್ನೇ ತಾನೆ? ಆದರೆ ಅವಳದ್ದೊಂದು ರೋಗವಿತ್ತು. ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ಕಂಪನಿಯೊಂದರಲ್ಲಿ ಗಿರಾಕಿಗಳ ದೂರು ಕೇಳುವುದು ಅವಳ ಕೆಲಸ. ಕಿವಿಗೆ ಫೋನ್ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬೈಗುಳ ಕೇಳಬೇಕು, ಪ್ರತಿ ಬೈಗುಳಕ್ಕೂ 'ನಿಮಗಾದ ತೊಂದರೆಗೆ ಕ್ಷಮಿಸಿ' ಅನ್ನಬೇಕು. ಆ ಮಾತು ಅವಳ ನಾಲಿಗೆಯ ಮೇಲೆ ಮನೆ ಕಟ್ಟಿಕೊಂಡಿತ್ತು. ಬಾಗಿಲಿಗೆ ಭುಜ ತಾಕಿದರೆ ಬಾಗಿಲಿಗೆ ಕ್ಷಮಿಸಿ. ಬೆಕ್ಕು ಕಾಲಿಗೆ ಸಿಕ್ಕರೆ ಬೆಕ್ಕಿಗೆ ಕ್ಷಮಿಸಿ.

ನಮ್ಮವರು ಬೆರಳೆತ್ತಿ ಹೇಳಿದರು: "ನೋಡಮ್ಮ, ಏನು ಬೇಕಾದ್ರೂ ಹೇಳು. ಕ್ಷಮಿಸಿ ಅನ್ನೋ ಮಾತು ಮಾತ್ರ ಬಾಯಿಂದ ಬೀಳಕೂಡದು. ಕ್ಷಮಿಸಿ ಅಂದ್ರೆ ತಪ್ಪು ಒಪ್ಪಿಕೊಂಡ ಹಾಗೆ. ನಾಳೆ ಕೋರ್ಟಲ್ಲಿ ಅದನ್ನೇ ಹಿಡ್ಕೊಂಡು ಎಳೀತಾರೆ."

"ಆಯ್ತು ಅಣ್ಣ, ಕ್ಷಮಿಸಿ," ಎಂದಳು.

ನಾನು ಹಣೆ ಚಚ್ಚಿಕೊಂಡೆ.

ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಬಂದು ತಾಲೀಮು ಶುರು ಮಾಡಿಸಿದೆ. ಮುಂದಿನ ಕೋಣೆಯ ಕುರ್ಚಿಯಲ್ಲಿ ಅವಳು ಕೂತಳು. ಎದುರಿಗೆ ಸೌಟು ಹಿಡಿದು ನಾನು. ನಾನೇ ಟಿ.ವಿ.ಯವಳು, ಸೌಟೇ ಮೈಕು. ನಮ್ಮವರು ಮೂಲೆಯ ಸ್ಟೂಲಿನ ಮೇಲೆ ನ್ಯಾಯಾಧೀಶರ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತರು. ತಮ್ಮ ಒಳಕೋಣೆಯಲ್ಲಿ ಮಲಗಿದ್ದ. ಔಷಧಿಯ ಮಂಪರಿನಲ್ಲಿ ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದೆವು.

"ಹೇಳಿಮ್ಮಾ, ನಿಮ್ಮ ಯಜಮಾನರು ಫೋನಲ್ಲಿ ಮಾತಾಡ್ತಿದ್ರಂತೆ?"

"ನಿಮ್ಮ ಪ್ರಶ್ನೆಗೆ ಧನ್ಯವಾದ," ಎಂದು ಶುರು ಮಾಡಿದಳು.

"ಯಾವ ಧನ್ಯವಾದ ಕಣೇ! ನಿನ್ನ ಗಂಡನ ಮಾನ ಕಳೀತಾ ಇದ್ದೀನಿ ನಾನು. ನನಗೆ ಧನ್ಯವಾದ ಹೇಳ್ತೀಯಲ್ಲ!"

"ಅಯ್ಯೋ, ಕ್ಷಮಿಸಿ ಅತ್ತಿಗೆ."

"ಒಂದು!" ಎಂದರು ನಮ್ಮವರು ಮೂಲೆಯಿಂದ.

ಮತ್ತೆ ಕೇಳಿದೆ. ಮತ್ತೆ ಕ್ಷಮಿಸಿ. ಅವಳ ದನಿಯಲ್ಲಿ ಬಿಸಿಯೇ ಇರಲಿಲ್ಲ. ಮೆತ್ತಗೆ, ನಯವಾಗಿ, ಅಳುವ ಮಗುವಿನ ಬೆನ್ನು ತಟ್ಟುವ ಹಾಗೆ ಮಾತಾಡುತ್ತಿದ್ದಳು. ಇಂಥ ದನಿಯಲ್ಲಿ 'ನನ್ನ ಗಂಡ ತಪ್ಪು ಮಾಡಿಲ್ಲ' ಎಂದರೆ ನಂಬುವವರು ಯಾರು? ಇವಳಿಗೆ ಸಿಟ್ಟು ಬರಿಸಬೇಕು, ಸಿಟ್ಟು ಬಂದರೆ ಕ್ಷಮಿಸಿ ಎಂಬುದು ತಾನಾಗಿ ಒಣಗಿಹೋಗುತ್ತದೆ ಎಂದುಕೊಂಡೆ. ಸಿಟ್ಟು ಬರಿಸುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

"ಗಂಡನ ಜೊತೆ ಏನಮ್ಮ ಜಗಳ? ಅದೂ ಅವರು ಕ್ರೇನಲ್ಲಿ ಕೂತಿರುವಾಗ? ಮನೆಗೆ ಬರೋವರೆಗೂ ತಡೆಯೋಕೆ ಆಗ್ಲಿಲ್ವಾ?"

"ಆ ಹೊತ್ತಲ್ಲಿ ನಾನು ಆಫೀಸಲ್ಲಿ ಬೇರೆ ಗಿರಾಕಿ ಜೊತೆ ಮಾತಾಡ್ತಿದ್ದೆ. ನಿಮಗೆ ತಪ್ಪು ಮಾಹಿತಿ ಬಂದಿದೆ ಅನ್ಸುತ್ತೆ, ಅದಕ್ಕಾಗಿ..."

"ಹಾಂ, ಅದಕ್ಕಾಗಿ?"

ಅವಳು ತುಟಿ ಕಚ್ಚಿಕೊಂಡಳು. ಆ ಮಾತನ್ನು ನುಂಗಲು ಅವಳು ಪಡುತ್ತಿದ್ದ ಪಾಡು ನೋಡಿ ನಗು ಬರಬೇಕಿತ್ತು. ಬರಲಿಲ್ಲ. ನನಗೆ ಹುಚ್ಚು ಹಿಡಿದ ಹಾಗಾಗಿತ್ತು. ಆ ಮ್ಯಾನೇಜರ್ ಮೇಲಿನ ಸಿಟ್ಟು, ಕಂಪನಿಯ ಮೇಲಿನ ಸಿಟ್ಟು, ಬೆಳಿಗ್ಗೆ ಹಣ್ಣು ಕೊಳ್ಳುತ್ತಾ 'ಫೋನ್ ಡ್ರೈವರ್ ನಿಮ್ಮ ತಮ್ಮನಾ?' ಎಂದು ಕೇಳಿದವಳ ಮೇಲಿನ ಸಿಟ್ಟು, ಎಲ್ಲ ಸೇರಿ ಸೌಟು ಹಿಡಿದ ಕೈಗೆ ಬಂತು. ಸೌಟನ್ನು ಅವಳ ಮೂಗಿನ ಹತ್ತಿರ ಹಿಡಿದು ಕೂಗಿದೆ:

"ಒಬ್ಬನ ಕಾಲು ತಿಂದು ಒಳಗೆ ಹಾಯಾಗಿ ಮಲಗಿದ್ದಾನಲ್ಲಮ್ಮ ನಿನ್ನ ಗಂಡ! ದವಡೆ ಮುರಿದದ್ದೇ ಒಳ್ಳೇದಾಯ್ತು ಬಿಡು, ಸುಳ್ಳು ಹೇಳೋ ಕಷ್ಟ ತಪ್ಪಿತು. ಅಲ್ವಾ?"

ಅವಳು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ನೋಡಿದಳು. ತಿರುಗಿದರೆ ಬಾಗಿಲಲ್ಲಿ ತಮ್ಮ ನಿಂತಿದ್ದ.

ಬಿಳಿ ಪಟ್ಟಿಯೊಳಗೆ ಅವನ ಮುಖ ಇಷ್ಟೇ ಇಷ್ಟು ಕಾಣುತ್ತಿತ್ತು. ಕಣ್ಣು ಮಾತ್ರ ನೆಟ್ಟಗೆ ನನ್ನ ಮೇಲಿತ್ತು.

"ಲೋ, ಅದು ತಾಲೀಮು ಕಣೋ," ಎಂದೆ. "ಟಿ.ವಿ.ಯವಳು ಹೀಗೆ ಕೇಳ್ತಾಳೆ ಅಂತ ಕೇಳಿದ್ದು. ನಾನು ಕೇಳಿದ್ದಲ್ಲ."

ಹಲ್ಲಿನ ಸಂದಿಯಿಂದ ಒಂದೊಂದೇ ಮಾತು ಬಂತು. "ಬಾಯಿ... ನಿಂದೇ ಅಕ್ಕ."

ಸೌಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಅವನ ಮೈಗೆ ಯಾರಾದರೂ ಕೈ ಹಚ್ಚಿದರೆ ಅವರ ಮನೆಯ ಮುಂದೆ ಹೋಗಿ ರಂಪ ಮಾಡಿ ಬಂದವಳು. ಕಂಪನಿ ಪತ್ರಿಕೆಯಲ್ಲಿ ಬರೆಸಿದ್ದಕ್ಕೆ ಕಲ್ಲಿನ ಹಾಗೆ ಮಲಗಿದ್ದವನು ನನ್ನ ಮಾತಿಗೆ ಎದ್ದು ಬಂದಿದ್ದ.

ಅವನು ಗೋಡೆ ಹಿಡಿದು ಬಂದು ಹೆಂಡತಿಯ ಪಕ್ಕ ಕೂತ. ಎದೆ ಮುಟ್ಟಿಕೊಂಡು ಹೇಳಿದ: "ಫೋನಲ್ಲಿ... ಇದ್ದೆ. ಅದು ಸುಳ್ಳಲ್ಲ."

"ಇರಲಿ, ಆದ್ರೆ ಅದನ್ನ ನಾವಾಗೇ ಹೇಳಬಾರದು ಕಣಯ್ಯ," ಎಂದರು ನಮ್ಮವರು.

"ಹೇಳ್ಬೇಕು. ಕಾಲು ಹೋದವನ ಹತ್ರ... ಕ್ಷಮೆನೂ... ಕೇಳ್ಬೇಕು."

"ಅಯ್ಯೋ ದೇವರೇ! ಕೇಳಿದ್ರೆ ಕಥೆ ಮುಗೀತು. ಎಲ್ಲಾ ತಪ್ಪೂ ನಿನ್ನ ತಲೆಗೇ ಕಟ್ತಾರೆ."

ತಮ್ಮ ಕೈಯೆತ್ತಿ ಕುರ್ಚಿಯ ತೋಳಿಗೆ ಬಡಿದ. ದವಡೆಗೆ ನೋವಾಗಿರಬೇಕು, ಕಣ್ಣಲ್ಲಿ ನೀರು ಬಂತು. "ಲಿವರ್ ಹಿಡಿದಿದ್ದು... ಈ ಕೈ, ಭಾವ."

ಆಗ ನನ್ನ ಸಿಟ್ಟು ಬೇರೆ ದಾರಿ ಹಿಡಿಯಿತು. ನೋಡಿ, ಒಬ್ಬ ಮನುಷ್ಯನ ಕಾಲು ಹೋಗಿದೆ. ಅವನ ಮುಂದೆ 'ಅಯ್ಯೋ, ಹೀಗಾಗಬಾರದಿತ್ತಪ್ಪ, ಕ್ಷಮಿಸು' ಎನ್ನಲೂ ಹೆದರುವ ಸ್ಥಿತಿಗೆ ನಮ್ಮನ್ನು ತಂದಿಟ್ಟವರು ಯಾರು? ಇಡೀ ಮಧ್ಯಾಹ್ನ ಕೂತು ಒಂದು ಒಳ್ಳೆಯ ಹೆಣ್ಣಿನ ಬಾಯಿಂದ ಒಂದು ಒಳ್ಳೆಯ ಮಾತನ್ನು ಕೀಳಲು ನಾನು ಗುದ್ದಾಡಿದ್ದೆ. ಕಂಪನಿಯವರ ಕೆಲಸವನ್ನು ಅವರಿಗಿಂತ ಚೆನ್ನಾಗಿ ನಾನೇ ಮಾಡಿಕೊಟ್ಟಿದ್ದೆ.

"ಇರೋದನ್ನ ಇದ್ದ ಹಾಗೆ ಹೇಳು," ಎಂದೆ ಅವಳಿಗೆ. "ಫೋನಲ್ಲಿದ್ದ ಅನ್ನು. ಯಾರ ಜೊತೆ ಇದ್ದ ಅಂತಾನೂ ಹೇಳು. ಕ್ಷಮೆನೂ ಕೇಳು. ರೀ, ನೀವು ಸುಮ್ಮನಿರಿ. ಟೈಪ್ ಮಾಡೋಕೆ ಏನಾದ್ರೂ ಇದ್ರೆ ಕೋರ್ಟಿಗೆ ಹೋಗಿ."

ಸಂಜೆ ಬಂದವರು ಇಬ್ಬರು. ವರದಿಗಾರ್ತಿ ಎಳೆಯ ಹುಡುಗಿ, ಬಿಸಿಲಲ್ಲಿ ಸುತ್ತಿ ಸುಸ್ತಾಗಿದ್ದಳು. ಕೊಟ್ಟ ನೀರನ್ನು ಗಟಗಟ ಕುಡಿದಳು. ಕ್ಯಾಮರಾದವನು ಮಾತ್ರ ಬಂದ ಕೂಡಲೇ ಮನೆಯ ಯಜಮಾನನಾದ. ಈ ಕುರ್ಚಿ ಅಲ್ಲಿ, ಆ ಮೇಜು ಹೊರಗೆ, ಪರದೆ ಬೇಡ, ದೀಪ ಬೇಕು. ಆಮೇಲೆ ತಮ್ಮನನ್ನು ನೋಡಿ, "ಇವರು ಒಳಗೆ ಮಂಚದ ಮೇಲೆ ಮಲಗಿದ್ರೆ ಚೆನ್ನಾಗಿರುತ್ತೆ. ಪಟ್ಟಿ ಕಾಣೋ ಹಾಗೆ," ಎಂದ.

"ಅವನು ಅಂಗಡಿಯಲ್ಲಿಟ್ಟ ಗೊಂಬೆಯಲ್ಲಪ್ಪ," ಎಂದೆ. ನಮ್ಮವರು ನನ್ನ ತೋಳು ಚಿವುಟಿದರು.

ತಮ್ಮನ ಹೆಂಡತಿ ಕೂತಳು. ವರದಿಗಾರ್ತಿ ಕೇಳಿದ ಮೊದಲ ಪ್ರಶ್ನೆಯೇ ಫೋನಿನದು. ಅವಳು ನಿಧಾನವಾಗಿ, ತನ್ನ ಆಫೀಸಿನ ದನಿಯಲ್ಲೇ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೌದು, ಫೋನಲ್ಲಿದ್ದರು. ನನ್ನ ಜೊತೆ ಅಲ್ಲ, ಮ್ಯಾನೇಜರ್ ಜೊತೆ. ಸಿಗ್ನಲ್ ಕೊಡುವವನನ್ನು ಬೇರೆ ಕೆಲಸಕ್ಕೆ ಕಳಿಸಿದ್ದರು. ಕಾಲು ಕಳೆದುಕೊಂಡವರ ಹತ್ತಿರ ನಾವು ಕ್ಷಮೆ ಕೇಳುತ್ತೇವೆ. ಪೊಲೀಸರು ಫೋನಿನ ದಾಖಲೆ ಬೇಗ ತರಿಸಲಿ. ಒಂದು ಕಡೆಯೂ ತಡವರಿಸಲಿಲ್ಲ. ತಮ್ಮ ಅವಳ ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದ. ನನ್ನ ಎದೆ ಹಗುರಾಯಿತು. ಚಹಾಕ್ಕೆ ನೀರಿಡಲು ಅಡುಗೆಮನೆಗೆ ಹೊರಟೆ.

ಬೆನ್ನ ಹಿಂದೆ ಹುಡುಗಿ ಮೆಲ್ಲಗೆ ಕೇಳುವುದು ಕಿವಿಗೆ ಬಿತ್ತು. "ಕ್ಷಮೆ ಕೇಳಿದ್ದು ಸರಿಯಾಗಿ ಬಂತಾ?"

"ಬಂತು ಬಂತು," ಎಂದ ಕ್ಯಾಮರಾದವನು ವೈರು ಸುತ್ತುತ್ತಾ. "ಫೋನಲ್ಲಿದ್ರು ಅಂದದ್ದು, ಕ್ಷಮೆ ಕೇಳಿದ್ದು, ಎರಡೇ ಸಾಕು. ಮಿಕ್ಕಿದ್ದಕ್ಕೆ ಜಾಗ ಎಲ್ಲಿದೆ?"

ನೀರಿನ ಪಾತ್ರೆ ಅಲ್ಲೇ ಇಟ್ಟು ಬಂದು ಬಾಗಿಲಿಗೆ ಅಡ್ಡ ನಿಂತೆ.

"ಏನಂದೆ? ಇನ್ನೊಂದ್ಸಲ ಹೇಳು."

"ಆಂಟಿ, ನಮಗೆ ಸಿಗೋದೇ ಅರ್ಧ ನಿಮಿಷ," ಎಂದಳು ಹುಡುಗಿ. ಅವಳ ಮುಖ ಸಪ್ಪಗಾಗಿತ್ತು. "ಏನು ಇಡಬೇಕು, ಏನು ಕತ್ತರಿಸಬೇಕು ಅಂತ ಆಫೀಸಲ್ಲಿ ಕೂತವರು ನೋಡ್ಕೋತಾರೆ. ನನ್ನ ಕೈಯಲ್ಲಿ ಏನೂ ಇಲ್ಲ."

"ಕೈಯಲ್ಲಿ ಏನೂ ಇಲ್ದವಳು ನಮ್ಮನೆಗೆ ಯಾಕಮ್ಮ ಬಂದೆ? ಹಣ್ಣಿಗೆ ಒಂದು ಕಡೆ ಕೊಳೆ ಹಿಡಿದ್ರೆ ಆ ಕೊಳೆ ತೆಗೆದು ಒಳ್ಳೇದನ್ನ ಇಟ್ಕೋತೀವಿ ನಾವು. ನಿಮ್ಮಲ್ಲಿ ಒಳ್ಳೇದನ್ನ ಬಿಸಾಕಿ ಕೊಳೆತದ್ದನ್ನ ತಟ್ಟೆಗೆ ಹಾಕಿ ಕೊಡ್ತೀರಾ? ಆ ಮ್ಯಾನೇಜರ್ ಹೇಳಿದ್ದಕ್ಕೆ ಪತ್ರಿಕೆಯಲ್ಲಿ ಅಷ್ಟುದ್ದ ಜಾಗ ಸಿಕ್ತಲ್ಲ, ಅದನ್ನ ಯಾರೂ ಕತ್ತರಿಸಲಿಲ್ವಲ್ಲ! ಕೊಡು ಇಲ್ಲಿ ಆ ಡಬ್ಬ. ಒಳಗಿರೋದನ್ನೆಲ್ಲಾ ಅಳಿಸಿ ಹೋಗು!"

ಇದರ ನಡುವೆ ಟಿ.ವಿ.ಯವರು ಪೀ ಹಾಕಬೇಕಾದ ಮಾತುಗಳೂ ನಾಲ್ಕಾರು ಬಂದವು, ಅವನ್ನು ಇಲ್ಲಿ ಬರೆಯುವುದಿಲ್ಲ. ನಮ್ಮವರು 'ನಾನು ಮೊದಲೇ ಹೇಳಲಿಲ್ವಾ' ಎಂದು ಮೂಲೆಯಲ್ಲಿ ಗೊಣಗಿದರು. ಕ್ಯಾಮರಾದವನು ಕ್ಯಾಮರಾವನ್ನು ಎದೆಗೆ ಅವಚಿಕೊಂಡ. ತಮ್ಮ ಕಣ್ಣು ಮುಚ್ಚಿಕೊಂಡು ಕೂತುಬಿಟ್ಟಿದ್ದ.

"ಅತ್ತಿಗೆ, ಬಾಗಿಲು ಬಿಡಿ," ಎಂದಳು ತಮ್ಮನ ಹೆಂಡತಿ. "ಅವರು ಕೂತ್ಕೊಳ್ಳಲಿ."

ಅವಳ ದನಿ ಈಗಲೂ ಏರಿರಲಿಲ್ಲ. ಹುಡುಗಿಯ ಕಡೆ ತಿರುಗಿ, "ಅರ್ಧ ನಿಮಿಷ ತಾನೆ ನಿಮಗೆ ಬೇಕಾಗಿರೋದು? ಅರ್ಧ ನಿಮಿಷದಲ್ಲೇ ಹೇಳ್ತೀನಿ. ಮೊದಲನೇದನ್ನ ಅಳಿಸಿ ಮತ್ತೆ ತೆಗೀರಿ," ಎಂದಳು.

"ಮತ್ತೆ ಕತ್ತರಿಸ್ತಾರೆ ಕಣೇ!" ಎಂದೆ ನಾನು.

"ಎಲ್ಲಿಂದ ಕತ್ತರಿಸ್ತಾರೆ ಅತ್ತಿಗೆ? ಫೋನಲ್ಲಿ ಕೆಲವು ಗಿರಾಕಿಗಳಿರ್ತಾರೆ, ನಾವು ಉಸಿರು ತಗೊಳ್ಳೋದನ್ನೇ ಕಾಯ್ತಾ ಇರ್ತಾರೆ, ಮಧ್ಯ ನುಗ್ಗೋಕೆ. ಅವರಿಗೆ ಹೇಳುವಾಗ ಉಸಿರು ಬಿಡಬಾರದು. ಎಲ್ಲಾ ಒಂದೇ ಸಲಕ್ಕೆ."

ಅವಳು ಗಂಡನ ಕಡೆ ನೋಡಿದಳು. ಅವನು ಕಣ್ಣು ತೆರೆದು ತಲೆಯಾಡಿಸಿದ. ಹುಡುಗಿ ಕ್ಯಾಮರಾದವನಿಗೆ, "ವೈರು ಬಿಚ್ಚಿ. ಹಳೇದನ್ನ ಅಳಿಸಿ," ಎಂದಳು. ಅವನು ಏನೋ ಹೇಳಹೋದ. "ಅಳಿಸಿ ಅಂದೆನಲ್ಲ," ಎಂದಳು. ಆ ಹುಡುಗಿಯ ಮೇಲೆ ನನಗಿದ್ದ ಸಿಟ್ಟು ಅಷ್ಟರಮಟ್ಟಿಗೆ ಇಳಿಯಿತು.

ದೀಪ ಮತ್ತೆ ಹೊತ್ತಿತು. ತಮ್ಮನ ಹೆಂಡತಿ ಒಮ್ಮೆ ಎದೆ ತುಂಬ ಉಸಿರೆಳೆದುಕೊಂಡಳು.

"ಸಿಗ್ನಲ್ ಕೊಡೋರನ್ನ ಸಿಮೆಂಟ್ ಇಳಿಸೋಕೆ ಕಳಿಸಿ ನನ್ನ ಗಂಡನ ಕಿವಿಗೆ ಫೋನ್ ಹಿಡಿಸಿ ಇಳಿಸು ಇಳಿಸು ಅಂತ ಹೇಳಿ ಆಮೇಲೆ ಆ ಫೋನ್ ಮಾಡಿದ್ದು ನಾನು ಅಂತ ಪತ್ರಿಕೆಗೆ ಬರೆಸಿದ ಮ್ಯಾನೇಜರ್ ಇವತ್ತಿನವರೆಗೂ ಆಸ್ಪತ್ರೆ ಮೆಟ್ಟಿಲು ಹತ್ತದೇ ಇರೋದ್ರಿಂದ ಅವರ ಪಾಲಿನದ್ದನ್ನೂ ನಮ್ಮ ಪಾಲಿನದ್ದನ್ನೂ ಸೇರಿಸಿ ಕಾಲು ಕಳ್ಕೊಂಡ ಆ ಅಣ್ಣನ ಹತ್ರ ನಾನೊಬ್ಬಳೇ ಕ್ಷಮೆ ಕೇಳ್ತಾ ಇದೀನಿ."

ಅಷ್ಟು ಹೇಳಿ ಬಾಯಿ ಮುಚ್ಚಿದಳು. ಆಮೇಲೆ ಹುಡುಗಿ ಏನು ಕೇಳಿದರೂ ಉತ್ತರ ಕೊಡಲಿಲ್ಲ. ತಲೆ ಅಲ್ಲಾಡಿಸಿ ನಕ್ಕಳು, ಅಷ್ಟೇ. ಕತ್ತರಿ ಹಾಕುವವನು ಹಾಕಲಿ ನೋಡೋಣ. ಇದರಲ್ಲಿ ಯಾವ ತುಂಡು ಹಿಡಿದು ಎಳೆದರೂ ಮ್ಯಾನೇಜರ್ ಜೊತೆಗೇ ಬರುತ್ತಿದ್ದ.

ಅದೇ ರಾತ್ರಿಯ ವಾರ್ತೆಯಲ್ಲಿ ಬಂತು. ಇಡಿಯಾಗಿ ಬಂತು. ನಮ್ಮವರು ಟಿ.ವಿ.ಯ ಮುಂದೆ ಎದ್ದು ನಿಂತು ನೋಡಿದರು. ಅವಳ ಮಾತು ಮುಗಿದ ಮೇಲೆ ಕಂಪನಿಯ ದೊಡ್ಡವನೊಬ್ಬನನ್ನು ತೋರಿಸಿದರು. ಕೋಟು ಹಾಕಿದ್ದ. ಡ್ರೈವರ್ ಹೆಂಡತಿಯ ಜೊತೆ ಮಾತಾಡುತ್ತಿದ್ದದ್ದು ನಿಜವೇ ಎಂದು ಕೇಳಿದರೆ, "ಆ ಬಗ್ಗೆ ತನಿಖೆ ನಡೀತಾ ಇದೆ, ಈಗ ಏನೂ ಹೇಳೋಕಾಗಲ್ಲ," ಎಂದ. ಅಷ್ಟು ದಿನ ಹೇಳುವುದಕ್ಕೆ ಬರುತ್ತಿತ್ತು, ಈಗ ಬರುವುದಿಲ್ಲವಂತೆ. ಸಿಗ್ನಲ್ ಕೊಡುವವನು ಆ ಹೊತ್ತಿನಲ್ಲಿ ಎಲ್ಲಿದ್ದ ಎಂದು ಕೇಳಿದಾಗ ಕೊರಳಪಟ್ಟಿ ಸರಿಮಾಡಿಕೊಂಡ.

"ಬಾಯಿ ಬಿಡೋ, ಬಾಯಿ ಬಿಡು!" ಎಂದು ನಾನು ಟಿ.ವಿ.ಗೆ ಕೂಗಿದೆ. ಅಷ್ಟರಲ್ಲಿ ಅವನನ್ನು ತೆಗೆದು ಹವಾಮಾನ ಹಾಕಿದರು.

ಹೆಸರು ಪೂರ್ತಿ ತೊಳೆದುಹೋಯಿತು ಎಂದು ನಾನು ಹೇಳುವುದಿಲ್ಲ. ಹತ್ತಿದ ಕೊಳೆ ಒಂದೇ ಒಗೆತಕ್ಕೆ ಹೋಗುತ್ತದೆಯೇ? ಆದರೆ ತಮ್ಮ ಎದ್ದು ನಿಂತ. ಅಪಘಾತವಾದ ಮೇಲೆ ಹೊರಗೆ ಕಾಲಿಟ್ಟಿರದವನು ಗೂಟದ ಮೇಲಿನ ಅಂಗಿ ತೆಗೆದು ಒಂದೊಂದೇ ತೋಳು ಹಾಕಿಕೊಂಡ.

"ಎಲ್ಲಿಗೋ?" ಎಂದೆ.

"ಆಸ್ಪತ್ರೆಗೆ... ಅವನು ನೋಡಿರ್ತಾನೆ."

ಇಷ್ಟು ದಿನ ಹೋಗದೆ ಇದ್ದದ್ದು ಯಾಕೆಂದು ಆಗ ಅರ್ಥವಾಯಿತು. ಹೆಂಡತಿಯ ಜೊತೆ ಜಗಳವಾಡುತ್ತಾ ತನ್ನ ಕಾಲು ತೆಗೆದವನು ಎಂದು ನಂಬಿರುವ ಮನುಷ್ಯನ ಮುಂದೆ, ಎರಡು ಮಾತು ಆಡಲಾಗದ ಬಾಯಿ ಹೊತ್ತು ಹೇಗೆ ನಿಲ್ಲುವುದು? ಈಗ ಹೇಳಬೇಕಾದದ್ದನ್ನು ಹೆಂಡತಿ ಹೇಳಿಯಾಗಿತ್ತು. ಅವನು ಹೋಗಿ ಮಂಚದ ಪಕ್ಕ ಕೂತರೆ ಸಾಕಿತ್ತು.

ನಾನು ಗಡಿಬಿಡಿಯಲ್ಲಿ ಕಿತ್ತಳೆಹಣ್ಣು ಆರಿಸಿ ಚೀಲಕ್ಕೆ ತುಂಬಿ, "ನಡಿ, ನಾನೂ ಬರ್ತೀನಿ," ಎಂದೆ.

ಅವನು ಚೀಲ ಇಸಿದುಕೊಂಡ. "ನೀನು ಬೇಡ ಅಕ್ಕ." ಬಾಗಿಲವರೆಗೆ ಹೋದವನು ತಿರುಗಿ ನೋಡಿದ. "ಇವತ್ತು... ಬೇಡ."

ಗಂಡ ಹೆಂಡತಿ ಮೆಟ್ಟಿಲಿಳಿದು ಹೋದರು. ಸೌಟು ಹಿಡಿದು ಆಡಿದ ಮಾತು ಅವನ ಮೈಯೊಳಗೆ ಇನ್ನೂ ಇತ್ತು. ಅದನ್ನು ಮರೆಯಲು ಅವನು ಎಷ್ಟು ದಿನ ತೆಗೆದುಕೊಳ್ಳುತ್ತಾನೋ ಅಷ್ಟು ದಿನ ನಾನು ಕಾಯಬೇಕು. ಕಾಯುತ್ತೇನೆ. ಆದರೆ ಆ ಮಾತನ್ನು ನನ್ನ ಬಾಯಿಗೆ ತಂದವನೊಬ್ಬ ಈ ಊರಿನಲ್ಲೇ ಇದ್ದ. ಈ ಹೊತ್ತಿನಲ್ಲಿ ಅವನು ತನ್ನ ಮನೆಯಲ್ಲಿ ಕೂತು, ಗಟ್ಟಿ ದವಡೆಯಲ್ಲಿ ಅಗಿದು ಅಗಿದು ಊಟ ಮಾಡುತ್ತಿರುತ್ತಾನೆ.

"ರೀ, ಚಪ್ಪಲಿ ಹಾಕ್ಕೊಳ್ಳಿ," ಎಂದೆ.

"ಎಲ್ಲಿಗೆ?"

"ಆ ಮ್ಯಾನೇಜರ್ ಮನೆಗೆ. ಅವನನ್ನ ಆಸ್ಪತ್ರೆ ಮೆಟ್ಟಿಲು ಹತ್ತಿಸಬೇಕು."

ನಮ್ಮವರಿಗೆ ಗಾಬರಿಯಾಯಿತು. "ಅಲ್ಲಿ ಹೋಗಿ ಏನು ಮಾತಾಡ್ತೀಯ? ಮೊದಲು ಕೂತು ಸ್ವಲ್ಪ ಯೋಚನೆ ಮಾಡೋಣ, ಒಂದು ಸಲ ಹೇಳಿ ನೋಡ್ಕೊ..."

"ಇದಕ್ಕೆ ತಾಲೀಮು ಬೇಡ," ಎಂದು ಬಾಗಿಲಿಗೆ ಬೀಗ ಹಾಕಿದೆ.